ಇಬ್ಬರೂ ಇರುವ ಒಂದು ಫೋಟೋ

ತನ್ನ ಮದುವೆಯ ಆಲ್ಬಮ್ಮಿನಲ್ಲಿ ಗಂಡನೇ ಇಲ್ಲದ ಹೆಂಗಸು ಲೋಕದಲ್ಲಿ ಆಕೆಯೊಬ್ಬಳೇ ಇರಬೇಕು. ಯಜಮಾನರು ಫೋಟೋ ಸ್ಟುಡಿಯೋ ಇಟ್ಟವರು. ಮದುವೆಯ ದಿನ, ಕರೆಸಿದ್ದ ಫೋಟೋಗ್ರಾಫರನಿಗೆ ಬೆಳಕಿನ ಗಂಧಗಾಳಿಯೂ ಇಲ್ಲವೆಂದು ಸಿಡಿಮಿಡಿಗೊಂಡು ಅವನ ಕ್ಯಾಮೆರಾ ಕಿತ್ತುಕೊಂಡವರು ಕೊನೆಯವರೆಗೂ ಬಿಡಲಿಲ್ಲ. ಹೀಗಾಗಿ ಪುಟಪುಟದಲ್ಲೂ ಆಕೆ ಅತ್ತೆಯ ಪಕ್ಕ ನಿಂತಿದ್ದಾಳೆ. "ಏನಮ್ಮಾ, ಅತ್ತೇನೇ ಮದುವೆ ಆದ್ಯಾ?" ಎಂದು ನೋಡಿದವರೆಲ್ಲ ನಗುತ್ತಾರೆ. ಆಕೆಯೂ ನಗುತ್ತಾಳೆ, ಒಳಗೊಳಗೇ ಹೊಟ್ಟೆ ಉರಿದುಕೊಂಡು.

ಮಗಳು ಓದುವ ಹಳೆಯ ವಿಶ್ವವಿದ್ಯಾಲಯದ ಊರಿಗೆ ಬೇಸಿಗೆ ಕಳೆಯಲು ಬಂದಿಳಿದ ದಿನವೇ ಆಕೆ ಖಡಾಖಂಡಿತವಾಗಿ ಹೇಳಿಬಿಟ್ಟಳು: "ರೀ, ಹೊರಡೋದ್ರೊಳಗೆ ನಾವಿಬ್ರೂ ಇರೋ ಒಂದು ಫೋಟೋ ಬೇಕು. ಇಲ್ಲಾಂದ್ರೆ ಆ ಕ್ಯಾಮೆರಾ ಜೊತೆಗೇ ಸಂಸಾರ ಮಾಡ್ಕೊಳ್ಳಿ!"

"ಅದಕ್ಕೇನಂತೆ, ಟೈಮರ್ ಇಟ್ರಾಯ್ತು" ಎಂದರು ಯಜಮಾನರು. ಕ್ಯಾಮೆರಾವನ್ನು ಹೆತ್ತ ಮಗಳ ಕೈಗೂ ಕೊಡುವ ಜಾಯಮಾನ ಅವರದಲ್ಲ. ಫೋನಿನಲ್ಲಿ ತೆಗೆದದ್ದು ಅವರ ಲೆಕ್ಕದಲ್ಲಿ ಫೋಟೋನೇ ಅಲ್ಲ.

ಶುರುವಾಯಿತು ನೋಡಿ ಓಟ! ಗ್ರಂಥಾಲಯದ ಸವೆದ ಮೆಟ್ಟಿಲಿನ ಮುಂದೆ ಸ್ಟ್ಯಾಂಡ್ ನೆಟ್ಟು, ಗುಂಡಿ ಒತ್ತಿ, ಎದ್ದೆನೋ ಬಿದ್ದೆನೋ ಎಂದು ಓಡಿದರು. ಬಂದದ್ದು ಆಕೆಯ ಮುಖ, ಇವರ ಬೆನ್ನು. ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಬೋಳುತಲೆಯ ಹಿಂಭಾಗ. ಕಾಲೇಜಿನ ಹುಲ್ಲುಹಾಸಿನ ಮೇಲೆ ಓಡಿದಾಗ ಕಾವಲುಗಾರ ಸೀಟಿ ಊದುತ್ತಾ ಬೆನ್ನಟ್ಟಿದ. ಇವರು ಪಕ್ಕಕ್ಕೆ ನುಣುಚಿಕೊಂಡರು, ಅವನು ನೇರವಾಗಿ ಆಕೆಯ ಪಕ್ಕಕ್ಕೆ ಬಂದು ನಿಂತ, ಕ್ಲಿಕ್!

"ಅಮ್ಮಾ, ಜೋಡಿ ಚೆನ್ನಾಗಿದೆ, ಇದನ್ನೇ ಫ್ರೇಮ್ ಹಾಕಿಸೋಣ" ಎಂದು ಮಗಳು ಬಿದ್ದು ಬಿದ್ದು ನಕ್ಕಳು. ಅಮ್ಮನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಹೊರಡುವ ದಿನ ಬಂದೇಬಿಟ್ಟಿತು. ಮಗಳು ತರಗತಿಗೆ ಹೋಗಿದ್ದಳು. ನದಿಯ ಸೇತುವೆಯ ಮೇಲೂ ಓಡಿದ್ದಾಯಿತು, ಅಲ್ಲೂ ಬೆನ್ನೇ. ಈ ಸಲ ಆಕೆ ನಗಲಿಲ್ಲ. "ಬಿಡಿ, ನನ್ನ ಹಣೇಲಿ ಬರೆದಿಲ್ಲ" ಎಂದು ಕಟ್ಟೆಗೆ ಒರಗಿ ನೀರು ನೋಡತೊಡಗಿದಳು. ನಿಜವಾಗಿಯೂ ದುಃಖ ಉಕ್ಕಿ ಬಂದಿತ್ತು.

ಯಜಮಾನರು ಎರಡು ಸಲ ಕೆಮ್ಮಿದರು. ಆಮೇಲೆ ಸ್ಟ್ಯಾಂಡಿನಿಂದ ಕ್ಯಾಮೆರಾ ಬಿಚ್ಚಿ, ಸೇತುವೆಯ ತುದಿಯಲ್ಲಿ ಐಸ್‌ಕ್ರೀಮ್ ಮಾರುತ್ತಿದ್ದವನ ಅಂಟುಗೈಯಲ್ಲಿ ಇಟ್ಟೇಬಿಟ್ಟರು! ಆಕೆ ಬಿಟ್ಟ ಬಾಯಿ ಬಿಟ್ಟಂತೆಯೇ ನಿಂತಳು.

ಪಕ್ಕಕ್ಕೆ ಬಂದವರು ಚಡಪಡಿಸಿದರು. "ಲೇ, ಕೈ ಎಲ್ಲಿಟ್ಕೊಳ್ಲಿ?"

"ನನ್ನ ಹೆಗಲ ಮೇಲೆ ಇಡ್ರೀ! ಅದನ್ನೂ ನಾನೇ ಹೇಳ್ಬೇಕಾ?"

ಯಜಮಾನರು ನಾಚಿ ಕೆಂಪಾಗಿ ಕೈಯನ್ನು ಆಕೆಯ ಹೆಗಲ ಮೇಲಿಟ್ಟು, ತಡೆಯಲಾರದೆ ಗೊಳ್ಳೆಂದು ನಕ್ಕರು. ಆಕೆಯೂ ನಕ್ಕಳು. ಕ್ಲಿಕ್.

ಐಸ್‌ಕ್ರೀಮಿನವನು ತಂದು ತೋರಿಸಿದ ಫೋಟೋ ನೋಡಿದ್ದೇ ತಡ, ಅವರ ಮುಖ ಹುಳ್ಳಗಾಯಿತು. ಸೇತುವೆ ಓರೆ, ಮೂಲೆಯಲ್ಲಿ ಬೆರಳು, ಹಿಂದೆ ಕಾಣುವ ಗೋಪುರಕ್ಕೆ ತುದಿಯೇ ಇಲ್ಲ. "ಅಯ್ಯೋ, ಗೋಪುರದ ತಲೇನೇ ಹಾರಿಸ್ಬಿಟ್ಟಿದಾನಲ್ಲೇ! ಇನ್ನೊಂದು ತೆಗೆಸೋಣ."

"ಏನೂ ಬೇಡ" ಎಂದು ಆಕೆ ಕ್ಯಾಮೆರಾವನ್ನು ಎದೆಗವಚಿಕೊಂಡಳು. "ಗೋಪುರದ ತಲೆ ಹೋದ್ರೆ ಹೋಗ್ಲಿ. ನಾನು ಕಟ್ಕೊಂಡಿದ್ದು ನಿಮ್ಮನ್ನ. ನೀವು ತಲೆ ಸಮೇತ ಬಂದಿದೀರಿ."

ಯಜಮಾನರು ಇನ್ನೊಂದು ಫೋಟೋ ತೆಗೆಸಲು ಹೋಗಲಿಲ್ಲ. ಹೆಗಲ ಮೇಲಿದ್ದ ಕೈ ತೆಗೆಯಲೂ ಇಲ್ಲ.