ಹನ್ನೆರಡನೆಯ ನಂಬರು

ಕತ್ತಿನ ಹಿಂದೆ ಎಡಗಡೆ ಕೂದಲು ಸ್ವಲ್ಪ ಉದ್ದವೇ ಉಳಿದುಬಿಟ್ಟಿದೆ, ಹೋದ ವಾರ ಕತ್ತರಿ ಹಿಡಿದವಳು ತಾನೇ, ಅಲ್ಲಾಡಬೇಡ್ವೋ ಅಂದರೂ ಕೇಳಲಿಲ್ಲ, ಈಗ ಗಾಜಿನಾಚೆ ನಕ್ಷೆಯ ಮೇಜಿಗೆ ಬಗ್ಗಿ ಕೂತ ತಮ್ಮನ ಆ ಕತ್ತು ಸರ್ವರ್ ಕೋಣೆಯಿಂದ ನೆಟ್ಟಗೆ ಕಾಣುತ್ತಿದೆ — ಇಲ್ಲಿ ಪರದೆಯ ಮೇಲೆ ಅವನ ಹೆಸರು, ಇರಬಾರದ ಜಾಗದಲ್ಲಿ. ದೊಡ್ಡ ಇಂಜಿನಿಯರ ಫೋಲ್ಡರು ಇದು, ಸೇತುವೆಯ ನಕ್ಷೆ ಮೂರು, ಮೂರರ ಎದುರಿಗೂ ಒಡೆಯ ಎನ್ನುವ ಕಡೆ ತಮ್ಮನ ಹೆಸರು, ಹೇಗೆ ಬಂತು? ಇಪ್ಪತ್ತಮೂರು ಜನಕ್ಕೂ ಸರ್ವರಿನಲ್ಲಿ ಒಂದೊಂದು ಫೋಲ್ಡರು, ಒಬ್ಬರದಕ್ಕೆ ಇನ್ನೊಬ್ಬರು ಕೈ ಹಾಕುವಂತಿಲ್ಲ, ಶುಕ್ರವಾರ ಹಳೆಯ ಡಿಸ್ಕು ಕಣ್ಣು ಮುಚ್ಚಿದಾಗ ಎಲ್ಲರೂ ಎದೆ ಎದೆ ಬಡಿದುಕೊಂಡರು, ಬ್ಯಾಕಪ್ ಇದೆ ಸುಮ್ಮನಿರಿ ಎಂದವಳು ಅವಳೇ, ಹೊಸ ಯಂತ್ರದಲ್ಲಿ ಎಲ್ಲರ ಹೆಸರು ಏರಿಸಿ ಎರಡು ದಿನ ಕೂತು ಒಂದೊಂದನ್ನೇ ಮರಳಿ ತುಂಬಿಸಿದವಳೂ ಅವಳೇ, ಬೇಷ್ ಅನ್ನಿಸಿಕೊಳ್ಳಬೇಕಾದ ಸೋಮವಾರ ಇದು. ಹೋದ ತಿಂಗಳು ಇದೇ ಮೂರು ನಕ್ಷೆ ಎದುರಾಳಿ ಕಂಪನಿಯವರ ಕೈ ಸೇರಿದ್ದವು, ಮನೇಲೇ ತೂತು ಇದೆ ಕಣಮ್ಮಾ, ಹುಡುಕು ಎಂದಿದ್ದರು ಯಜಮಾನರು, ಅಂದಿನಿಂದ ಅವಳು ಯಾರ ಮುಖವನ್ನೂ ಸರಿಯಾಗಿ ನೋಡಿಲ್ಲ, ಕೈಗಳನ್ನೇ ನೋಡಿದ್ದಾಳೆ. ತಮ್ಮನ ಕೈ ನೋಡಿರಲಿಲ್ಲ. ಹೊಸ ಬೈಕು ಹೇಗೆ ಬಂತು ಎಂದು ಕೇಳಿದ್ದಕ್ಕೆ ಕಂತಿನ ಮೇಲೆ ಅಕ್ಕಾ ಎಂದಿದ್ದ, ಎಂದು ನಕ್ಕಿದ್ದ, ಯಾಕೆ ನಕ್ಕ?

ಅಕ್ಕಾ, ನನ್ನ ಫೋಲ್ಡರು ತೆರೀತಾ ಇಲ್ಲ, ಪರ್ಮಿಷನ್ ಇಲ್ಲ ಅಂತಿದೆ, ಬೇಗ ಸರಿ ಮಾಡೇ — ಬಾಗಿಲಿಗೆ ಬಂದು ನಿಂತಿದ್ದಾನೆ, ಹಣೆಯಲ್ಲಿ ಬೆವರು, ಎಸಿ ಇರುವ ಕೋಣೆಯಲ್ಲಿ ಬೆವರು ಯಾಕೆ, ಬೇರೆ ಯಾರಿಗೂ ಇಲ್ಲದ ಅವಸರ ಇವನಿಗೆ ಯಾಕೆ, ಏನನ್ನಾದರೂ ಅಳಿಸಬೇಕೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೋಡ್ತೀನಿ ಹೋಗು ಎಂದಳು, ಏನಾಯ್ತೇ ನಿಂಗೆ, ಹಾಗ್ಯಾಕೆ ನೋಡ್ತೀಯ ಎಂದ, ತಲೆನೋವು ಎಂದಳು. ಏಳು ವರ್ಷದವನಿದ್ದಾಗ ಅವಳ ಪೆನ್ಸಿಲ್ ಡಬ್ಬಿ ಕದ್ದು ಮೂರು ದಿನ ಮುಖ ಕೆಡಿಸದೆ ಜೊತೆಗೇ ಹುಡುಕಿದ ಭೂಪ, ಅಮ್ಮ ಇಬ್ಬರಿಗೂ ಬಾರಿಸಿದಳು, ಅದೇ ಮುಖ ಅಲ್ಲವೆ ಇದು? ಈ ಕೆಲಸ ಕೊಡಿಸಿದವಳು ತಾನು, ನನ್ನ ತಮ್ಮ ಸಾರ್, ಚಿನ್ನದಂಥವನು ಎಂದು ಯಜಮಾನರ ಮುಂದೆ ನಿಂತವಳು ತಾನು, ಮುಚ್ಚಿಟ್ಟರೆ ನಾಳೆ ಅಕ್ಕತಮ್ಮ ಸೇರಿ ತಿಂದರು ಎನ್ನುತ್ತಾರೆ, ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತಾರೆ — ಫೋನು ಬಡಿದುಕೊಂಡಿತು, ಯಜಮಾನರು, ಏನಾದ್ರೂ ಸಿಕ್ತೇನಮ್ಮಾ? ಅವಳ ಬಾಯಿ ಅವಳಿಗಿಂತ ಮುಂದೆ ಓಡಿತು, ಸಿಕ್ತು ಸಾರ್, ನನ್ನ ತಮ್ಮಂದೇ ಹೆಸರಿದೆ. ನೀನು ಹೇಳಿದ್ದು ದೊಡ್ಡ ಮಾತು ಎಂದು ಅವರು ಫೋನು ಇಟ್ಟರು. ಹೆಮ್ಮೆಯೇ ಆಯಿತು ಅವಳಿಗೆ, ನಾಚಿಕೆಗೇಡು, ಹೆಮ್ಮೆಯೇ.

ತಮ್ಮ ಮೇಜಿನಿಂದ ಎದ್ದ, ಯಜಮಾನರ ಗಾಜಿನ ಕೋಣೆಗೆ ಹೋದ, ಬಾಗಿಲು ಹಾಕಿಕೊಂಡಿತು, ಮತ್ತೆ ಆ ಕತ್ತೇ ಕಾಣುತ್ತಿದೆ, ಅಷ್ಟರಲ್ಲಿ ಲೆಕ್ಕದವರು ಬಂದು ಮೇಡಂ ನಂದೂ ತೆರೀತಿಲ್ಲ ಎನ್ನುತ್ತಿದ್ದಾರೆ, ಅವರ ಹಿಂದೆ ಸ್ವಾಗತದ ಹುಡುಗಿ, ಅಕ್ಕಾ ನಂದು ತೆರೆದ್ರೆ ಪರ್ಮಿಷನ್ ಇಲ್ವಂತೆ, ಎಂಟು ಜನರಿಗೆ ಮಾತ್ರ ತೊಂದರೆಯಿಲ್ಲ, ಎಲ್ಲರೂ ಹಳಬರು, ಸರ್ವರಿನಲ್ಲಿ ಅವರ ನಂಬರು ಒಂದರಿಂದ ಎಂಟು. ಒಂಬತ್ತು ಯಾರು? ಹೋದ ವರ್ಷ ನಿವೃತ್ತರಾದ ಟೈಪಿಸ್ಟಮ್ಮ. ಅಯ್ಯೋ. ಬ್ಯಾಕಪ್ಪಿಗೆ ಫೈಲಿನ ಒಡೆಯರ ಹೆಸರು ಗೊತ್ತಿಲ್ಲ, ಅವರ ಹಳೆಯ ನಂಬರು ಮಾತ್ರ ಗೊತ್ತು, ಹೊಸ ಯಂತ್ರದಲ್ಲಿ ಹಾಜರಿ ಪಟ್ಟಿ ನೋಡಿಕೊಂಡು ಸಾಲಾಗಿ ನಂಬರು ಕೊಟ್ಟಳಲ್ಲ, ಪಟ್ಟಿಯಲ್ಲಿ ಟೈಪಿಸ್ಟಮ್ಮ ಇರಲಿಲ್ಲ, ಹತ್ತನೆಯವರು ಒಂಬತ್ತಾದರು, ಅವರ ಹಿಂದಿನವರೆಲ್ಲ ಒಂದೊಂದು ಮೆಟ್ಟಿಲು ಮೇಲೆ ಸರಿದರು, ಹದಿಮೂರನೆಯ ತಮ್ಮ ಹನ್ನೆರಡಾದ, ಹನ್ನೆರಡು ದೊಡ್ಡ ಇಂಜಿನಿಯರ ಹಳೆಯ ನಂಬರು. ಆ ಫೋಲ್ಡರಿನ ಉಳಿದ ನಾನೂರು ಫೈಲಿಗೂ ತಮ್ಮನ ಹೆಸರೇ ಇದೆ, ಇಂಜಿನಿಯರ ಮಗಳ ಮದುವೆ ಫೋಟೋಗಳಿಗೂ, ಅವಳು ಮೂರೇ ಸಾಲು ನೋಡಿದ್ದಳು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಕೈ ಕೀಲಿಮಣೆಗೆ ಹೋಯಿತು — ಬಾಗಿಲಿಗಲ್ಲ, ಕೀಲಿಮಣೆಗೆ, ದೇವರೇ ಎಂಥ ಕೈ ಇದು — ನಂಬರು ತಿದ್ದಿತು, ಅರೆಕ್ಷಣದಲ್ಲಿ ಮೂರು ನಕ್ಷೆಯ ಎದುರಿಗೂ ಇಂಜಿನಿಯರ ಹೆಸರು ಬಂದು ಕೂತಿತು, ಎಷ್ಟು ಸಲೀಸು, ಮಾತನ್ನೂ ಹೀಗೆ ತಿದ್ದುವಂತಿದ್ದರೆ, ಆಡಿದರೆ ಹೋಯಿತು, ಓಡಬೇಕು, ಸಾರ್ ತಪ್ಪು ನಂದು ಅನ್ನಬೇಕು, ಕುರ್ಚಿ ಹಿಂದಕ್ಕೆ ಬಿತ್ತು, ಲೆಕ್ಕದವರು ಏನಾಯ್ತು ಮೇಡಂ ಎನ್ನುತ್ತಿದ್ದಾರೆ, ಗಾಜಿನಾಚೆ ಯಜಮಾನರ ಕೈ ಮೇಜಿನ ಮೇಲೆ ಅಂಗಾತ ಚಾಚಿದೆ, ಕೊಡು ಎನ್ನುವಂತೆ, ತಮ್ಮ ತಿರುಗಿ ಇತ್ತ ನೋಡಿದ, ಅವರು ಹೇಳಿಬಿಟ್ಟಿದ್ದಾರೆ, ಯಾರು ಹೇಳಿದ್ದು ಎಂದು ಹೇಳಿಬಿಟ್ಟಿದ್ದಾರೆ, ಅವನ ಮುಖದಲ್ಲಿ ಸಿಟ್ಟಿಲ್ಲ, ಅಕ್ಕನಾ ಎನ್ನುವುದೊಂದೇ, ಮತ್ತೆ ಬೆನ್ನು ಹಾಕಿದ, ತಲೆ ಬಗ್ಗಿಸಿ ಗುರುತಿನ ಚೀಟಿಯ ಪಟ್ಟಿಯನ್ನು ಎರಡೂ ಕೈಯಿಂದ ಮೇಲೆತ್ತುತ್ತಿದ್ದಾನೆ, ನೀಲಿ ಪಟ್ಟಿ, ಅವಳು ಬಾಗಿಲ ಹಿಡಿಕೆ ಹಿಡಿದಿದ್ದಾಳೆ, ಪಟ್ಟಿ ಕತ್ತಿನ ಹಿಂದೆ ಅವಳು ಸರಿಯಾಗಿ ಕತ್ತರಿಸದೆ ಬಿಟ್ಟ ಕೂದಲಿಗೆ ಸಿಕ್ಕಿಕೊಂಡಿದೆ, ಅವನು ಎಳೆಯುತ್ತಿದ್ದಾನೆ, ಬರುತ್ತಿಲ್ಲ, ಬಗ್ಗಿದ ಕತ್ತು, ನೀಲಿ ಪಟ್ಟಿ, ಬಗ್ಗಿದ ಕತ್ತು —