ನೂರ ಅರವತ್ತು ಕಾಲರ್: ಇದು ಯಾರ ಲೆಕ್ಕ?

ಕಾಲರ್ ಅಕ್ಕನ ನೀರಿನ ಬಾಟಲಿ ಬೆಳಿಗ್ಗೆ ತುಂಬಿ ಹೋಗಿ ಸಂಜೆ ತುಂಬಿಯೇ ಮನೆಗೆ ಬರುತ್ತಿತ್ತು. ಅಂಗಿ ಹೊಲಿಯುವ ಫ್ಯಾಕ್ಟರಿಯಲ್ಲಿ ಅವಳದು ಕಾಲರ್ ಕೂರಿಸುವ ಕೆಲಸ. ಹೆಸರೂ ಅದರಿಂದಲೇ ಅಂಟಿಕೊಂಡಿತ್ತು.

"ಬಾಟಲಿಗೆ ಊರು ತೋರಿಸೋಕೆ ಕರ್ಕೊಂಡು ಹೋಗ್ತೀಯೇನೇ?" ಎಂದು ಅತ್ತೆ ಛೇಡಿಸುತ್ತಿದ್ದರು.

ಅಕ್ಕನಿಗೆ ನಗು ಬರುತ್ತಿರಲಿಲ್ಲ. ನೀರು ಕುಡಿದರೆ ಎದ್ದು ಹೋಗಬೇಕು, ಎದ್ದು ಹೋದರೆ ಟಾರ್ಗೆಟ್ ಮುಟ್ಟುವುದಿಲ್ಲ. ದಿನಕ್ಕೆ ನೂರ ಅರವತ್ತು ಕಾಲರ್ ಎಂದು ಬೋರ್ಡಿನಲ್ಲಿ ಬರೆದಿತ್ತು. ಎಷ್ಟೇ ಜೀವ ತೇದರೂ ಅವಳದು ನೂರ ನಲವತ್ತಕ್ಕೆ ನಿಲ್ಲುತ್ತಿತ್ತು. "ಕೈಯೋ ಕಟ್ಟಿಗೆಯೋ?" ಎಂದು ಸೂಪರ್‌ವೈಸರ್ ಎಲ್ಲರ ಎದುರಿಗೇ ಹಂಗಿಸುತ್ತಿದ್ದ.

ತಿಂಗಳಲ್ಲಿ ಎರಡನೇ ಸಲ ಉರಿಮೂತ್ರ, ಚಳಿಜ್ವರ. ಆಸ್ಪತ್ರೆಯ ನರ್ಸಮ್ಮ ಕಾರಣ ಕೇಳಿ ಕೆಂಡವಾದರು.

"ಹೀಗೇ ಮಾಡ್ತಿದ್ರೆ ಕಿಡ್ನಿಗೇ ಕುತ್ತು ಕಣಮ್ಮ! ನೂರ ಅರವತ್ತು ಅಂದೋರು ಯಾರು?"

"ಓದಿದೋರು ಹಾಕಿರೋ ಲೆಕ್ಕ ಮೇಡಂ, ತಪ್ಪಿರುತ್ತಾ? ನನ್ನ ಕೈಯೇ ನಿಧಾನ. ಲೆಕ್ಕ ಅಂದ್ರೆ ನಂಗೆ ತಲೆಗೇ ಹತ್ತಲ್ಲ."

"ಒಂದೇ ಸಲಕ್ಕೆ ನುಂಗೋಕೆ ಹೋದ್ರೆ ಯಾರಿಗೂ ಹತ್ತಲ್ಲ. ಒಂದೊಂದಾಗಿ ಕೇಳ್ತೀನಿ, ಹೇಳು." ನರ್ಸಮ್ಮ ಔಷಧಿ ಚೀಟಿಯನ್ನು ಮಗುಚಿ ಪೆನ್ನು ಹಿಡಿದರು. "ನಮಗೆ ಗೊತ್ತಾಗಬೇಕಾದ್ದು ಏನು?"

"ದಿನಕ್ಕೆ ಎಷ್ಟು ಕಾಲರ್ ಆಗುತ್ತೆ ಅಂತ."

"ಈಗಾಗಲೇ ಗೊತ್ತಿರೋದು?"

"ಕೆಲಸ ಎಂಟು ಗಂಟೆ. ಒಂದು ಕಾಲರಿಗೆ ಮೂರು ನಿಮಿಷ. ಫ್ಯಾಕ್ಟರಿಯೋರೇ ಗಡಿಯಾರ ಹಿಡಿದು ನೋಡಿದಾರೆ."

"ಎಂಟು ಗಂಟೆ ಅಂದ್ರೆ ನಾನೂರ ಎಂಬತ್ತು ನಿಮಿಷ. ಮೂರರಿಂದ ಭಾಗಿಸಿದ್ರೆ ನೂರ ಅರವತ್ತು. ಅವರು ಇಲ್ಲಿಗೇ ಕೈತೊಳ್ಕೊಂಡಿದಾರೆ! ಉತ್ತರ ಬಂದ ಮೇಲೆ ಅದು ಆಗೋ ಮಾತಾ ಅಂತ ನೋಡ್ಬೇಡ್ವಾ? ಎಂಟು ಗಂಟೇನೂ ಮೆಷಿನ್ ಓಡ್ತಾನೇ ಇರುತ್ತಾ?"

"ಎಲ್ಲಿ ಬಂತು? ಊಟಕ್ಕೆ ನಲವತ್ತು ನಿಮಿಷ, ಟೀಗೆ ಎರಡು ಸಲ ಹತ್ತು ಹತ್ತು. ಆಗ ಸೂಪರ್‌ವೈಸರೇ ಮೇನ್ ಸ್ವಿಚ್ ಆರಿಸ್ತಾರೆ."

"ಒಟ್ಟು ಅರವತ್ತು. ಅದನ್ನ ಕಳಿ. ಉಳಿದದ್ದು ನಾನೂರ ಇಪ್ಪತ್ತು. ಈಗ ನೀನೇ ಭಾಗಿಸು."

ಅಕ್ಕ ಬೆರಳು ಮಡಿಸಿ, ಬರೆದು, ಮತ್ತೊಮ್ಮೆ ಬರೆದು ನೋಡಿದಳು. ನೂರ ನಲವತ್ತು. ಅವಳು ದಿನಾ ಹೊಲಿಯುತ್ತಿದ್ದದ್ದೇ ನೂರ ನಲವತ್ತು!

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಬೈಸಿಕೊಂಡದ್ದು ಕರೆಂಟೇ ಇಲ್ಲದ ಮೆಷಿನ್ನಿನ ಇಪ್ಪತ್ತು ಕಾಲರಿಗೆ! ಯಾವನೋ ಕಳೆಯುವುದನ್ನು ಮರೆತ, ಅದಕ್ಕೆ ಇವಳು ಬಾಯಾರಿ ಕೂತು ಕಾಯಿಲೆ ಬಿದ್ದಳು.

"ಇನ್ನೂ ಮುಗಿದಿಲ್ಲ ಮೇಡಂ," ಎಂದು ಈಗ ಅಕ್ಕನೇ ಪೆನ್ನು ಬಿಡಲಿಲ್ಲ. "ಟಾಯ್ಲೆಟ್ಟಿಗೆ ಹೋಗಿ ಬರೋಕೆ ಐದು ನಿಮಿಷ. ಮೂರು ಸಲಕ್ಕೆ ಹದಿನೈದು. ಉಳಿಯೋದು ನಾನೂರ ಐದು. ಅಂದ್ರೆ ನೂರ ಮೂವತ್ತೈದು ಕಾಲರ್."

ಜ್ವರ ಇಳಿದ ಮೇಲೆ ಚೀಟಿ ಹಿಡಿದು ಹೊರಟಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ದೊಡ್ಡೋರ ಹತ್ರ ವಾದಕ್ಕೆ ನಿಲ್ತೀಯಾ? ನಮಗ್ಯಾಕೆ ಊರ ಉಸಾಬರಿ?"

"ವಾದ ಅಲ್ಲ ಅತ್ತೆ, ಬರೀ ಕಳೆಯೋ ಲೆಕ್ಕ."

ಸೂಪರ್‌ವೈಸರ್ ಚೀಟಿ ನೋಡಿ ಗುರ್ರೆಂದ. "ನಂಗೇ ಲೆಕ್ಕ ಕಲಿಸ್ತೀಯಾ?"

"ಹೂಂ ಸಾರ್. ಊಟದ ಹೊತ್ತಲ್ಲಿ, ಟೀ ಹೊತ್ತಲ್ಲಿ ಸ್ವಿಚ್ ಆರಿಸೋರು ನೀವೇ. ಆರಿದ ಮೆಷಿನ್ನಲ್ಲಿ ಇಪ್ಪತ್ತು ಕಾಲರ್ ಹೊಲಿದು ತೋರಿಸಿ. ನಾಳೆಯಿಂದ ನಾನೂ ಹೊಲೀತೀನಿ."

ಅಕ್ಕನ ಸಾಲಿನ ಮೆಷಿನ್ನುಗಳು ಒಂದೊಂದಾಗಿ ನಿಂತವು. ಹೆಂಗಸರೆಲ್ಲ ತಲೆ ಎತ್ತಿ ಅವನನ್ನೇ ನೋಡುತ್ತಿದ್ದರು. ಫ್ಯಾಕ್ಟರಿಯವರು ಎರಡು ದಿನ ಎಳೆದಾಡಿ, ಕೊನೆಗೆ ಬೋರ್ಡಿನಲ್ಲಿ ನೂರ ಮೂವತ್ತೈದು ಎಂದು ಬರೆದರು. ತಪ್ಪಾಯಿತು ಎಂದು ಮಾತ್ರ ಯಾರೂ ಹೇಳಲಿಲ್ಲ.

ಆ ಸಂಜೆ ಬಾಟಲಿ ಖಾಲಿಯಾಗಿ ಬಂತು. ಅತ್ತೆ ಅದನ್ನು ಅಲ್ಲಾಡಿಸಿ ನೋಡಿದರು. "ನಾಳೆ ದೊಡ್ಡ ಬಾಟಲಿ ತಗೊಂಡು ಹೋಗು. ಆ ಚೀಟೀನೂ ಜೋಪಾನ," ಎಂದರು.

ಅಕ್ಕಂದಿರೇ, ಅಣ್ಣಂದಿರೇ, ಯಾರೋ ಬರೆದಿಟ್ಟ ಅಂಕಿಗೆ ಮೈ ಸವೆಸುವ ಮುಂಚೆ ನೀವೂ ಒಂದು ಚೀಟಿ ತೆಗೆದುಕೊಳ್ಳಿ. ಗೊತ್ತಾಗಬೇಕಾದ್ದೇನು, ಗೊತ್ತಿರುವುದೇನು, ಬಿಟ್ಟುಹೋದದ್ದೇನು ಎಂದು ಒಂದೊಂದಾಗಿ ಬರೆಯಿರಿ. ಬಂದ ಉತ್ತರ ಆಗುವ ಮಾತೇ ಎಂದು ನೋಡಿ. ಆಗದಿದ್ದರೆ ನಿಮ್ಮ ಕೈಯನ್ನು ಬೈಯಬೇಡಿ, ಲೆಕ್ಕ ಹಾಕಿದವರನ್ನು ಕೇಳಿ. ಮೊದಲು ಒಂದು ಲೋಟ ನೀರು ಕುಡಿಯಿರಿ.