ಕೈ ಖಾರ ಐತಿ

ಮೈಲವ್ವ ಸತ್ತವಳ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಒಮ್ಮೆ ಎಣ್ಣೆ, ಅದರ ಮೇಲೆ ಕಡಲೆಹಿಟ್ಟು, ಆಮೇಲೆ ಬಿಸಿನೀರು, ಮತ್ತೆ ಎಣ್ಣೆ. ಉಗುರಿನ ಸಂದಿಯಲ್ಲಿ ಕೂತಿದ್ದ ಕೆಂಪು ಮಾತ್ರ ಜಗ್ಗುತ್ತಿರಲಿಲ್ಲ.

"ಸಾಕು ಬಿಡ ಚಿಗವ್ವಾ, ಹೊರಗ ಮಾವ ಅವಸರ ಮಾಡಾಕತ್ತಾನ," ಎಂದಳು ನಾಗರತ್ನಾ. ಚರಿಗೆಯಿಂದ ನೀರು ಹಾಕುತ್ತಿದ್ದವಳು ಅವಳೇ. ಸತ್ತ ಉಚ್ಚಂಗೆವ್ವನಿಗೆ ಒಬ್ಬಳೇ ಮಗಳು. ಬೆಳಿಗ್ಗೆ ಮೊದಲ ಬಸ್ಸಿಗೆ ಹಾವೇರಿಯಿಂದ ಬಂದಿದ್ದಳು.

"ಸಾಕಂದ್ರ ಹೆಂಗ? ಒಮ್ಮೆರ ಸ್ವಚ್ಛ ಕೈಲೆ ಹೋಗಬೇಕಂತ ಭಾಳ ಹಂಬಲಿಸಿದ್ಲು ನಿಮ್ಮವ್ವ."

"ಎಲ್ಲಿಗೆ?"

ಮೈಲವ್ವ ಸತ್ತವಳ ಎಡಗೈ ಎತ್ತಿಕೊಂಡಳು.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಊರವರು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ಹಾಗೆ ಹೇಳುವವರು ದಿನವೆಲ್ಲ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸಿದವರಲ್ಲ. ಉಚ್ಚಂಗೆವ್ವ ಗಂಡ ಸತ್ತಾಗಿನಿಂದ ಅದೇ ಕೆಲಸ ಮಾಡಿದಳು. ನಿನ್ನೆ ಮಧ್ಯಾಹ್ನವೂ ದಲಾಲಿ ಅಂಗಡಿಯ ಶೆಡ್ಡಿನಲ್ಲಿ ರಾಶಿಯ ಮುಂದೆಯೇ ಇದ್ದಳು. ಯಾಕೋ ಎದೆ ಹಿಡಿದಂಗಾತು ಎಂದು ಚೀಲಕ್ಕೆ ಒರಗಿದವಳು, ಹೆಂಗಸರು ನೀರು ತರುವಷ್ಟರಲ್ಲಿ ಮುಗಿದುಹೋಗಿದ್ದಳು.

ಬಾಗಿಲಲ್ಲಿ ನಿಂತಿದ್ದ ನೆರೆಯವರು ಸತ್ತವಳನ್ನು ಬಿಟ್ಟು ಮಗಳನ್ನೇ ನೋಡುತ್ತಿದ್ದರು. ಹಾಡಿ ಅಳುವುದಿರಲಿ, ಅವಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. "ವರ್ಷದಿಂದ ಈ ಕಡೆ ಹಾಯ್ದಿಲ್ಲ. ಅಳು ಎಲ್ಲಿಂದ ಬರಬೇಕು," ಎಂದು ಒಬ್ಬಾಕೆ ಕೇಳಿಸುವಂತೆಯೇ ಅಂದಳು. ನಾಗರತ್ನಾಗೆ ಕೇಳಿಸಿತು. ಅಳುವುದಕ್ಕೆ ಮೊದಲು ಅವಳಿಗೆ ಒಂದು ಸಂಗತಿ ಗೊತ್ತಾಗಬೇಕಿತ್ತು. ಅವ್ವ ತನ್ನ ಮೇಲೆ ಸಿಟ್ಟು ಇಟ್ಟುಕೊಂಡೇ ಸತ್ತಳೋ ಏನೋ. ಹೇಳಬೇಕಾದವಳು ಮಣೆಯ ಮೇಲೆ ಬಾಯಿ ಮುಚ್ಚಿ ಮಲಗಿದ್ದಳು.

ಸತ್ತವಳ ತಮ್ಮ ಹೇಮಪ್ಪ ಹೊಸ್ತಿಲ ತನಕ ಬಂದ. ರಾಣೆಬೆನ್ನೂರಿನಲ್ಲಿ ಅವನದೊಂದು ಸಣ್ಣ ಚಹಾದಂಗಡಿ. ಅವನ ಕೈಯಲ್ಲಿ ಅಕ್ಕನ ಹಳೆ ಫೋನು ಇತ್ತು. ಮೂಲೆಯಿಂದ ಮೂಲೆಗೆ ಸೀಳಿದ ಗಾಜು. ಬೆನ್ನು ಕಳಚಿ ಬೀಳದಂತೆ ಎರಡು ರಬ್ಬರ್ ಬ್ಯಾಂಡು. ಅದರ ಸಂದುಗೊಂದಿನಲ್ಲೂ ಕೆಂಪು ಪುಡಿ.

"ರತ್ನಾ, ನಿಮ್ಮಜ್ಜ ಸತ್ತಾಗ ಬೀಡಿ ಕಟ್ಟು, ಕಡ್ಡಿಪೆಟ್ಟಿಗಿ ಕುಣಿಯಾಗ ಜೋಡಿ ಇಟ್ಟಿದ್ವಿ. ಅಕ್ಕನ ಜೀವ ಇದರಾಗ ಇತ್ತು. ಎಲಿ ಅಡಿಕಿ ಜೋಡಿ ಇದನ್ನೂ ಇಡೂಣೇನು?"

ಮೈಲವ್ವನ ಕೈ ನಿಂತಿತು. ಗೋಡೆಗೆ ಒರಗಿ ಕೂತಿದ್ದ ಶೆಡ್ಡಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಪ್ರೇಮವ್ವ ಎಂಬಾಕೆ ಏನೋ ಹೇಳಲು ಬಾಯಿ ತೆರೆದು, ಬಂಧುಗಳ ನಡುವೆ ತನಗೇನು ಕೆಲಸ ಎಂಬಂತೆ ಸುಮ್ಮನಾದಳು.

"ಇಡ್ರಿ ಮಾವ," ಎಂದಳು ನಾಗರತ್ನಾ. "ನನಗ ಅದನ್ನ ನೋಡಾಕೂ ಬ್ಯಾಡ."

ಅಷ್ಟು ಬಿರುಸಿನ ಉತ್ತರ ಬರಬಹುದೆಂದು ಹೇಮಪ್ಪ ಎಣಿಸಿರಲಿಲ್ಲ. ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಗೆ ಹೋದ.

*

ಆ ಫೋನು ಮೊದಲು ನಾಗರತ್ನಾಳದೇ. ಮದುವೆಯಾಗಿ ಹಾವೇರಿಗೆ ಹೋಗುವಾಗ ಗಂಡ ವೀರೇಂದ್ರ ಹೊಸದು ಕೊಡಿಸಿದ್ದ. ಹಳೆಯದನ್ನು ಅವ್ವನಿಗೆ ಬಿಟ್ಟು ಹೋಗಿದ್ದಳು. ಇನ್ನೊಂದು ವರ್ಷ ನಡೆದರೆ ಹೆಚ್ಚು ಎಂದುಕೊಂಡಿದ್ದಳು. ಅದು ನಡೆಯುತ್ತಲೇ ಇತ್ತು.

ಮೊಮ್ಮಗಳು ಸ್ನೇಹಾಳನ್ನು ನೋಡಲು ಉಚ್ಚಂಗೆವ್ವ ಹಾವೇರಿಗೆ ಹೋದ ದಿನ ಆ ಫೋನು ಸೊಂಟದ ಸಂಚಿಯಲ್ಲಿತ್ತು. ನಾಗರತ್ನಾ ಒಳಗೆ ರೊಟ್ಟಿ ಬಡಿಯುತ್ತಿದ್ದಾಗ ಮಗು ಅದನ್ನು ಎಳೆದುಕೊಂಡು ಆಡಿತು, ಬಾಯಿಗೆ ಇಟ್ಟುಕೊಂಡಿತು, ಆಮೇಲೆ ಅದೇ ಕೈಯಿಂದ ಕಣ್ಣು ಉಜ್ಜಿಕೊಂಡಿತು. ಕೂಸಿನ ಚೀರಾಟಕ್ಕೆ ಮೇಲಿನ ಮನೆಯವರೂ ಇಳಿದು ಬಂದರು. ನೀರು ಹಾಕಿದರು, ಹಾಲು ಹಾಕಿದರು. ಕಣ್ಣು ಮುಚ್ಚಿಕೊಂಡೇ ಮಗು ಹೊತ್ತು ಇಳಿಯುವ ತನಕ ಬಿಕ್ಕಿತು.

"ಈ ಡಬ್ಬಿ ಇನ್ನ ನಮ್ಮ ಮನಿಗೆ ತರಬ್ಯಾಡ," ಎಂದಿದ್ದಳು ನಾಗರತ್ನಾ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಇದನ್ನ ಹಿಡಕೊಂಡು ಬರೂದಾದ್ರ ನೀನೂ ಬರಬ್ಯಾಡ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಉಚ್ಚಂಗೆವ್ವ ಫೋನನ್ನು ಸಂಚಿಗೆ ತುರುಕಿ, ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಳು. ಸಂಜೆ ಬಸ್ಸಿಗೆ ಹೊರಟಾಗ ಮಗುವಿನ ಗಲ್ಲ ಸವರಲಿಲ್ಲ. ದೂರದಿಂದಲೇ ತಲೆ ಆಡಿಸಿ ಹೋದಳು.

ಮುಂದಿನ ತಿಂಗಳು ನಾಗರತ್ನಾ ಬೇರೆ ನಂಬರಿನ ಹೊಸ ಫೋನು ಕೊಂಡು ತಾನೇ ಬ್ಯಾಡಗಿಗೆ ತಂದು ಕೊಟ್ಟಳು. ಗುಂಡಿ ಒತ್ತಿದರೆ ಸ್ನೇಹಾಳ ಮುಖ ಕಾಣುವಂತೆ ಮಾಡಿದ್ದಳು. ತಪ್ಪಾಯಿತು ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಫೋನೇ ಆ ಮಾತು ಹೇಳೀತು ಎಂದು ನಂಬಿಕೊಂಡಳು. "ಇದರಾಗ ಮುಖ ನೋಡಕೊಂತ ಮಾತಾಡೂಣವಾ. ಆ ಹಳೇದು ಇನ್ನ ಸಾಕು."

ಹೊಸದಕ್ಕೆ ಮಾಡಿದ ಕರೆಯನ್ನು ಅವ್ವ ಒಮ್ಮೆಯೂ ಎತ್ತಲಿಲ್ಲ. ಹಳೆಯದಕ್ಕೆ ಮಾಡಿದರೆ ಸದ್ದುಗದ್ದಲದ ನಡುವೆ ಅದೇ ಒಂದು ಮಾತು: "ಕೈ ಖಾರ ಐತೆವ್ವಾ, ಆಮ್ಯಾಲೆ ಮಾತಾಡ್ತೇನಿ." ತಾನು ಆಡಿದ್ದನ್ನೇ ಅವ್ವ ತಿರುಗಿಸಿ ಚುಚ್ಚುತ್ತಿದ್ದಾಳೆ ಎಂದು ನಾಗರತ್ನಾಗೆ ಅನ್ನಿಸಿತು. ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ, ಕೊನೆಗೆ ಎರಡೂ ರೂಢಿಯಾದವು. ಹಬ್ಬಕ್ಕೊಂದು ಫೋನು, ಎರಡು ಮಾತು. ವರ್ಷ ಹಾಗೇ ಕಳೆಯಿತು.

*

"ರತ್ನಾ, ಟ್ರಂಕಿನಾಗ ಒಂದು ಹಸರ ಸೀರಿ ಐತಿ, ತಗೊಂಡು ಬಾ," ಎಂದಳು ಮೈಲವ್ವ. "ಉಡಸೂಣು."

ಟ್ರಂಕಿನಲ್ಲಿ ಸೀರೆಯ ಕೆಳಗೆ ಒಂದು ಪುಟ್ಟ ಗಂಟು ಸಿಕ್ಕಿತು. ಬಿಳಿ ಅರಿವೆ ಬಿಚ್ಚಿದರೆ ಅದು ಸ್ನೇಹಾ ಹುಟ್ಟಿದಾಗ ತೊಡಿಸಿದ್ದ ಜಬಲಾ. ಬಾಣಂತನ ಇದೇ ಮನೆಯಲ್ಲಿ ಆಗಿತ್ತು. ಜಬಲಾದೊಳಗೆ ಹೊಸ ಫೋನು. ಗಾಜಿನ ಮೇಲೆ ಅಂಗಡಿಯವರು ಅಂಟಿಸಿದ ತೆಳುಹಾಳೆ ಕೂಡ ಹಾಗೇ ಇತ್ತು.

ನಾಗರತ್ನಾ ಅದನ್ನು ತಂದು ಮೈಲವ್ವನ ಮುಂದೆ ಹಿಡಿದಳು. "ನೋಡ ಚಿಗವ್ವಾ. ಹಾಳಿನೂ ಕಿತ್ತಿಲ್ಲ. ಇಷ್ಟ ಸಿಟ್ಟಿತ್ತು ನನ್ನ ಮ್ಯಾಲೆ."

ಮೈಲವ್ವ ಹಸಿ ಕೈ ಹಿಂದಕ್ಕೆ ಎಳೆದುಕೊಂಡಳು. ಕೈಯ ಖಾರ ಫೋನಿಗೆ ತಾಗೀತು ಎಂಬ ಅಂಜಿಕೆ ಅದು. "ನಾ ಮುಟ್ಟೂದಿಲ್ಲವ್ವಾ. ನೀನ ಹಚ್ಚಿ ನೋಡು."

ಗುಂಡಿ ಒತ್ತಿದರೆ ಸ್ನೇಹಾಳ ಮುಖ ಮೂಡಿತು. ಚಾರ್ಜು ತುಂಬಿತ್ತು.

"ವಾರಕ್ಕೊಮ್ಮೆ ನನ್ನ ಸೊಸಿ ಬಂದು ಚಾರ್ಜಿಗೆ ಹಚ್ಚತಿದ್ಲು. ಅಕಿ ಹೊಲಿಗಿ ಕೆಲಸದಾಕಿ, ಕೈ ಸ್ವಚ್ಛ. ನಿಮ್ಮವ್ವ ಆ ಕಡೆ ಗ್ವಾಡಿಗೆ ಕುಂತು ಕೂಸಿನ ಮಾರಿ ನೋಡತಿದ್ಲು. ಮೊಮ್ಮಗಳು ಬಂದ್ರ ಆಡಾಕ ಬೇಕಲ್ಲ, ಅದಕ್ಕ ಖಾರ ಹತ್ತಬಾರದು ಅಂತಿದ್ಲು."

"ಮತ್ತ ನಾ ಮಾಡಿದ್ರ ಯಾಕ ಎತ್ತಲಿಲ್ಲ?"

"ಯಾವ ಕೈಲೆ ಎತ್ತಬೇಕಿತ್ತವಾ?"

ನಾಗರತ್ನಾ ಹೊಸ ಫೋನನ್ನು ಮತ್ತೆ ಜಬಲಾದಲ್ಲಿ ಸುತ್ತಿದಳು.

"ನನಗ ಹೇಳಬೇಕಿಲ್ಲೇನು ನೀವಾದ್ರೂ?"

"ಹೇಳೂದೇನೈತಿ? ನೀನೂ ಇಲ್ಲೇ ಹುಟ್ಟಿ ಬೆಳದಾಕಿ. ತಿಳದಿರತೈತಿ ಅಂತ ಅಕಿನೂ ತಿಳಕೊಂಡಿದ್ಲು, ನಾವೂ ತಿಳಕೊಂಡ್ವಿ."

*

ರಜೆಯ ದಿನ ಉಚ್ಚಂಗೆವ್ವ ಬಿಸಿಲಿಗೆ ಹೊಸ್ತಿಲಲ್ಲಿ ಕೂತು ಕೈಗೆ ಎಣ್ಣೆ ತಿಕ್ಕುತ್ತಿದ್ದಳು. ಮಜ್ಜಿಗೆಯಲ್ಲಿ ಅದ್ದುತ್ತಿದ್ದಳು, ಬೆಲ್ಲದ ನೀರಿನಲ್ಲಿ ತೊಳೆಯುತ್ತಿದ್ದಳು. ಖಾರ ಹೋಯಿತೋ ಇಲ್ಲವೋ ಎಂದು ನೋಡಲು ಅವಳಿಗೆ ಗೊತ್ತಿದ್ದ ದಾರಿ ಒಂದೇ. ಬೆರಳನ್ನು ತನ್ನ ಕಣ್ಣಿನ ಮೂಲೆಗೆ ತಾಗಿಸುವುದು. ತಾಗಿಸುತ್ತಿದ್ದಳು, ಕಣ್ಣು ಉರಿಯುತ್ತಿತ್ತು. ಸೆರಗಿನಿಂದ ನೀರು ಒರೆಸಿಕೊಂಡು, "ಈ ವಾರ ಬ್ಯಾಡ. ಮುಂದಿನ ವಾರ ಹಾವೇರಿಗೆ ಹೋಗತೇನಿ," ಅನ್ನುತ್ತಿದ್ದಳು.

"ಹದಿನೈದು ದಿನ ಕೆಲಸ ಬಿಡು, ತಾನ ಹೋಗತೈತಿ," ಎಂದಿದ್ದಳು ಮೈಲವ್ವ.

"ಬಿಟ್ಟು ಉಣ್ಣೂದೇನು, ಎಣ್ಣಿನ?"

ಮರುದಿನ ಬೆಳಿಗ್ಗೆ ಮತ್ತೆ ಶೆಡ್ಡು, ಮತ್ತೆ ರಾಶಿ. ಸುತ್ತ ಕೂತ ಹೆಂಗಸರ ನಡುವೆ, ಒಂದು ಖಾಲಿ ಬುಟ್ಟಿಯ ಬೆನ್ನ ಮೇಲೆ, ಆ ಹಳೆ ಫೋನು. ಅವರಲ್ಲಿ ಕೆಲವರ ಫೋನು ಗಂಡನ ಜೇಬಿನಲ್ಲಿತ್ತು, ಕೆಲವರದು ಮಗನ ಕೈಯಲ್ಲಿ. ಆದ್ದರಿಂದ ಸಾಲೆಯ ಮಾಸ್ತರರು, ಹಾಸ್ಟೆಲಿನ ಮಕ್ಕಳು, ತವರಿನವರು, ಎಲ್ಲರೂ ಮಾಡುತ್ತಿದ್ದುದು ಉಚ್ಚಂಗೆವ್ವನ ಫೋನಿಗೇ. ಬಂದ ಕರೆ ಖಾರದ ಕೈಯಿಂದ ಖಾರದ ಕೈಗೆ ದಾಟುತ್ತಿತ್ತು. ಹೊಸದು ತಂದು ಇಲ್ಲಿಡಬಾರದೇ, ದನಿ ಚೆನ್ನಾಗಿ ಬಂದೀತು ಎಂದು ಪ್ರೇಮವ್ವ ಒಮ್ಮೆ ಚೇಷ್ಟೆ ಮಾಡಿದ್ದಳು.

"ಇದು ಖಾರ ಉಂಡ ಗಟ್ಟಿ ಆದದ್ದು. ಯಾರ ಮುಟ್ಟಿದ್ರೂ ನಡೀತೈತಿ," ಎಂದಿದ್ದಳು ಉಚ್ಚಂಗೆವ್ವ. "ಅದು ನನ್ನ ಮೊಮ್ಮಗಳದು."

*

ಹಲಗೆ ಬಡಿತ ಶುರುವಾಯಿತು. ಬಿದಿರಿನ ಸಿದಗಿಯ ಮೇಲೆ ಹಸಿರು ಸೀರೆಯ ಉಚ್ಚಂಗೆವ್ವ, ಮೇಲೆ ಚೆಂಡುಹೂವಿನ ಹಾರ. ಹೇಮಪ್ಪ ಎಲೆ ಅಡಿಕೆಯ ಜೊತೆ ಹಳೆ ಫೋನನ್ನು ಅವಳ ಮಗ್ಗುಲಲ್ಲಿ, ಸೀರೆಯ ಮಡಿಕೆಯೊಳಗೆ ಇಟ್ಟ. ನಾಗರತ್ನಾ ನೋಡಿದಳು. ಬೇಡ ಎನ್ನಲಿಲ್ಲ. ಬೆಳಿಗ್ಗೆ ತಾನೇ ಬಿರುಸಾಗಿ ಕೊಟ್ಟ ಮಾತನ್ನು ಇಷ್ಟು ಜನರ ಮುಂದೆ ಹೇಗೆ ಹಿಂದಕ್ಕೆ ಪಡೆಯುವುದು? ಮಾತು ಹಿಂದಕ್ಕೆ ಪಡೆಯುವ ವಿದ್ಯೆ ಅವಳಿಗೆ ಯಾವಾಗಲೂ ಬರುತ್ತಿರಲಿಲ್ಲ.

ರೈಲ್ವೆ ಸ್ಟೇಷನ್ನಿನ ಹಿಂದಿನ ದಾರಿಯಲ್ಲಿ ಮಂಡಕ್ಕಿ ಎರಚುತ್ತ ಹೊರಟರು. ಶೆಡ್ಡಿನ ಹೆಂಗಸರು ಕೂಲಿ ಬಿಟ್ಟು ಹಿಂದೆ ಬಂದರು. ನಾಗರತ್ನಾ ನಡೆಯುತ್ತ ನಡೆಯುತ್ತ ಸಣ್ಣವಳಿದ್ದಾಗಿನದನ್ನು ನೆನೆದಳು. ಬಿದ್ದು ಅತ್ತು ಬಂದರೆ ಅವ್ವ ಬೆರಳಿನಿಂದ ಕಣ್ಣೀರು ಒರೆಸುತ್ತಿರಲಿಲ್ಲ. ಮೊಣಕೈ ಮಡಚಿ, ತೋಳಿನ ಮೇಲುಭಾಗದಿಂದ ಒರೆಸುತ್ತಿದ್ದಳು. ಎಲ್ಲ ಅವ್ವಂದಿರೂ ಹಾಗೇ ಒರೆಸುತ್ತಾರೆ ಎಂದು ಅವಳು ಬಹಳ ದಿನ ತಿಳಿದಿದ್ದಳು. ಅಷ್ಟು ಗೊತ್ತಿದ್ದೂ ಮರೆತಿದ್ದಳು.

ಕುಣಿ ತಯಾರಿತ್ತು. ಸಿದಗಿ ಇಳಿಸಿದರು. ಹಲಗೆ ನಿಂತಿತು. ನಾಲ್ಕು ಜನ ದೇಹಕ್ಕೆ ಕೈ ಹಾಕಿ ಎತ್ತಬೇಕು ಎನ್ನುವಾಗ ಸೀರೆಯ ಮಡಿಕೆಯೊಳಗಿಂದ ಫೋನು ಬಡಿದುಕೊಳ್ಳತೊಡಗಿತು.

ಚಾಚಿದ ಕೈಗಳು ಹಾಗೇ ನಿಂತವು.

"ಬಡಕೊಂಡು ಬಿಡತೈತಿ, ಬಿಡ್ರಿ," ಎಂದ ಹೇಮಪ್ಪ ಮೆಲ್ಲಗೆ. "ಹೊತ್ತಾತು, ಇಳಸ್ರಿ."

ಫೋನು ಒಮ್ಮೆ ನಿಂತು ಮತ್ತೆ ಶುರುಮಾಡಿತು. ಹಿಂದೆ ಪ್ರೇಮವ್ವ ಸೆರಗು ಬಾಯಿಗಿಟ್ಟುಕೊಂಡು, "ನನ್ನ ಮಗಳು ಶೈಲಾ ಇರಬೇಕು. ಹಾಸ್ಟೆಲಿನಾಗ ಉಂಡ ಮ್ಯಾಲೆ ಮಾಡತಾಳ. ಅಕಿಗೆ ಇದೊಂದ ನಂಬರ್ ಗೊತ್ತು," ಎಂದಳು. ಯಾರಿಗೆ ಹೇಳಿದಳೋ ಅವಳಿಗೇ ತಿಳಿಯದು.

"ಮಾವ, ತಡೀರಿ," ಎಂದಳು ನಾಗರತ್ನಾ.

ಮಂಡಿಯೂರಿ ಕೂತಳು. ಸೀರೆಯ ಮಡಿಕೆಯೊಳಗೆ ಕೈ ಹಾಕಿ, ಅವ್ವನ ತಣ್ಣನೆ ಬೆರಳುಗಳ ಪಕ್ಕದಿಂದ ಫೋನನ್ನು ತೆಗೆದು ಕಿವಿಗೆ ಹಿಡಿದಳು. ಅದು ಈಗಲೂ ಅವಳದೇ ಹಳೆ ಫೋನು. ತೂಕ ಕೈಗೆ ನೆನಪಿತ್ತು.

"ದೊಡ್ಡವ್ವಾ, ನಾನ್ರಿ ಶೈಲಶ್ರೀ. ನಮ್ಮವ್ವಗ ಒಂದೀಟ ಕೊಡ್ರಿ."

ನಾಗರತ್ನಾ ಅವ್ವನ ಮುಖ ನೋಡಿದಳು.

"ದೊಡ್ಡವ್ವಾ? ಕೇಳಸಾಕತ್ತೈತೇನ್ರಿ?" ಹುಡುಗಿ ಆಮೇಲೆ ತನಗೆ ತಾನೇ ಅರ್ಥವಾದಂತೆ ಅಂದಳು: "ಕೈ ಖಾರ ಐತೇನ್ರಿ? ಇರಲಿ ಬಿಡ್ರಿ, ಸಾವಕಾಶ ತೊಳಕೋರಿ. ನಾ ಹಿಡದಿರ್ತೇನಿ."

ಪ್ರೇಮವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದು ಕೈ ಚಾಚಿದಳು. ನಾಗರತ್ನಾ ಕೊಡಲಿಲ್ಲ. ಆ ಕಡೆ ಹುಡುಗಿ ಹಿಡಿದೇ ಇದ್ದಳು. ಅವಳ ಹಿಂದೆ ತಾಟು ತೊಳೆಯುವ ಸದ್ದು ಕೇಳುತ್ತಿತ್ತು.

ನಾಗರತ್ನಾಳ ಗಲ್ಲ ಮೊದಲು ಬೆಚ್ಚಗಾಯಿತು, ಆಮೇಲೆ ಚುರುಗುಟ್ಟಿತು. ಉರಿ ಕಿವಿಗೆ ಏರಿ ಕಣ್ಣಿನ ಮೂಲೆ ಮುಟ್ಟಿತು. ಆ ಕಣ್ಣಿನಿಂದ ನೀರು ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಫೋನನ್ನು ಇನ್ನೊಂದು ಗಲ್ಲಕ್ಕೆ ತಂದು ಒತ್ತಿ ಹಿಡಿದಳು.